ಉಣ್ಣಿಸುವ ಕೈ, ಎಣಿಸುವ ಕೈ

“ತಗೊಳ್ಳಲಿಲ್ಲ ಅಜ್ಜಿ, ಇನ್ನೊಂದ್ಸಲ ಒತ್ತಿ.”

ಹೆಬ್ಬೆಟ್ಟಿನ ಮಷಿನ್ ಮುಂದೆ ಕೂತ ಅಜ್ಜಿ ಸೆರಗಿನಲ್ಲಿ ಬೆರಳು ಒರೆಸಿಕೊಂಡು ಮತ್ತೆ ಒತ್ತುತ್ತಾರೆ. ಮಷಿನ್ ಮೊದಲನೇ ಸಲವೇ ತೆಗೆದುಕೊಂಡಿತ್ತು. ಸಂಧ್ಯಾ ಸುರಕ್ಷಾದ 1,200 ರೂಪಾಯಿ ಆಗಲೇ ಖಾತೆಯಿಂದ ಹೋಗಿತ್ತು. ಎರಡನೇ ಸಲಕ್ಕೆ ಗೃಹಲಕ್ಷ್ಮಿಯ 2,000 ಹೋಯಿತು. ಅಜ್ಜಿಯ ಕೈಗೆ ಸಿಕ್ಕಿದ್ದು 1,200. ಉಳಿದದ್ದು ಜೊತೆಯಲ್ಲಿ ಬಂದವರ ಜೇಬಿಗೆ. ಅವರೇ ತೋಳು ಹಿಡಿದು ಆಟೋ ಹತ್ತಿಸುತ್ತಾರೆ, ಅವರೇ ರಾತ್ರಿ ಬಿಸಿನೀರು ಕಾಯಿಸಿ ಕಾಲು ತೊಳೆಯುತ್ತಾರೆ. ಅಜ್ಜಿಯನ್ನು ನೋಡಿಕೊಳ್ಳುವವರು ಅವರೇ.

ಈ ಮೋಸ ನಡೆಯುವುದಕ್ಕೆ ಅಜ್ಜಿಯ ದಡ್ಡತನ ಕಾರಣವಲ್ಲ. ಹೆಬ್ಬೆಟ್ಟು ಎಷ್ಟೋ ಸಲ ನಿಜವಾಗಿಯೂ ತೆಗೆದುಕೊಳ್ಳುವುದಿಲ್ಲ. ಐವತ್ತು ವರ್ಷ ಕಾಫಿ ಹಣ್ಣು ಕೊಯ್ದು, ಅಡಿಕೆ ಸುಲಿದು, ಬೂದಿಯಲ್ಲಿ ಪಾತ್ರೆ ತಿಕ್ಕಿದ ಬೆರಳಿನ ಗೆರೆ ಸವೆದಿರುತ್ತದೆ. ವಯಸ್ಸಾದಂತೆ ಚರ್ಮ ಒಣಗುತ್ತದೆ, ಮಲೆನಾಡಿನ ಚಳಿಗೆ ಬಿರಿಯುತ್ತದೆ. ಹಾಗಾಗಿ ಎರಡು ಮೂರು ಸಲ ಒತ್ತುವುದು ಅವರಿಗೆ ಮಾಮೂಲು. ಆ ಮಾಮೂಲಿನ ಒಳಗೇ ಕಳವು ನಡೆದುಹೋಗುತ್ತದೆ. ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯಲ್ಲಿ ಪ್ರತಿ ಸಲದ ಒತ್ತಿಗೂ ಒಂದು ಫಲಿತಾಂಶ ಬರುತ್ತದೆ: ಆಯಿತು, ಇಲ್ಲವೇ ಆಗಲಿಲ್ಲ. ಎರಡಕ್ಕೂ ಚೀಟಿ ಕೇಳಬೇಕು. “ಆಗಲಿಲ್ಲ” ಎಂಬ ಚೀಟಿ ಕೈಗೆ ಬಾರದೆ ಎರಡನೇ ಸಲ ಒತ್ತಬಾರದು. ಪ್ರಿಂಟರ್ ಕೆಟ್ಟಿದ್ದರೆ ಆಮೇಲೆ ಅಲ್ಲೇ ಮಿನಿ ಸ್ಟೇಟ್‌ಮೆಂಟ್ ತೆಗೆಸಿ, ಎಷ್ಟು ಸಲ ಹಣ ಹೋಗಿದೆ ಎಂದು ನೋಡಿಕೊಳ್ಳಬಹುದು.

ಇಲ್ಲಿ ಬೀಗ ಒಡೆಯುವುದಿಲ್ಲ, ಹೆಂಚು ಸರಿಸುವುದಿಲ್ಲ. ಬಹುಪಾಲು ಒಂದು ಅನುಮತಿಯಿಂದಲೇ ಶುರುವಾಗುತ್ತದೆ. “ನಂಗೆ ಕಣ್ಣು ಕಾಣಲ್ಲ ಮಗಾ, ನೀನೇ ದುಡ್ಡು ತಗೊಂಬಾ” ಎಂದ ದಿನ ಎಟಿಎಂ ಕಾರ್ಡ್ ಕೈ ಬದಲಾಗುತ್ತದೆ, ಪಿನ್ ನಂಬರ್ ಕವರಿನ ಮೇಲೆ ಪೆನ್ನಿನಲ್ಲಿ ಬರೆದಿರುತ್ತದೆ. ಮೊದಲ ತಿಂಗಳು ಪೈಸೆ ಪೈಸೆಯ ಲೆಕ್ಕ. ಎರಡನೇ ತಿಂಗಳು ಚಿಲ್ಲರೆ ಕೊಡುವುದು ಮರೆಯುತ್ತದೆ. ಯಾರೂ ಕೇಳುವುದಿಲ್ಲ. ನಾಲ್ಕನೇ ತಿಂಗಳಿಗೆ ನೂರು ಇನ್ನೂರು, ವರ್ಷ ಕಳೆಯುವುದರಲ್ಲಿ ಸಾವಿರ. ಹೊಸದಾಗಿ ಬಂದ ಹೋಮ್ ನರ್ಸ್ ಮಾಡಿದರೂ, ತಮ್ಮನ ಮಗ ಮಾಡಿದರೂ, ಹೆತ್ತ ಮಗನೇ ಮಾಡಿದರೂ ದಾರಿ ಇದೇ. ಮನೆಯವರ ಬಾಯಲ್ಲಿ ಒಂದು ಮಾತು ಹೆಚ್ಚಿಗೆ ಇರುತ್ತದೆ ಅಷ್ಟೆ: “ಹೇಗಿದ್ರೂ ನಾಳೆ ನಂಗೇ ಬರೋದಲ್ವಾ.”

ನಾಳೆ ಬರುವುದು ಇವತ್ತಿನದಲ್ಲ. ಅಮ್ಮ ಬದುಕಿರುವವರೆಗೂ ಅಮ್ಮನ ದುಡ್ಡು ಅಮ್ಮನದು, ಅವರ ಮಾತ್ರೆಗೆ, ಹಾಲಿಗೆ, ಮೊಮ್ಮಗಳ ಕೈಗೆ ಹಬ್ಬಕ್ಕೆ ಇಡುವ ನೂರು ರೂಪಾಯಿಗೆ.

ಅಜ್ಜಿಗೆ ಗೊತ್ತೇ ಆಗಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಚೆನ್ನಾಗಿ ಗೊತ್ತಿರುತ್ತದೆ. ಅವರು ಬೇರೆ ಲೆಕ್ಕ ಹಾಕಿರುತ್ತಾರೆ: ಬಾಯಿ ಬಿಟ್ಟರೆ ಇವಳು ಹೋಗುತ್ತಾಳೆ, ಇವಳು ಹೋದರೆ ನಾಳೆ ಬೆಳಿಗ್ಗೆ ನನ್ನನ್ನು ಬಚ್ಚಲಿಗೆ ಕರೆದೊಯ್ಯುವವರು ಯಾರು? ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆಯ ಒಂಟಿ ಮನೆಗಳಲ್ಲಿ ಇದು ಇನ್ನೂ ಬಿಗಿ. ರಸ್ತೆಗೆ ಬರಬೇಕಾದರೆ ತೋಟ ದಾಟಬೇಕು, ಜುಲೈ-ಆಗಸ್ಟಿನ ಆಟಿ ಮಳೆಯಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ಮಕ್ಕಳು ಬೆಂಗಳೂರಿನಿಂದ ಬರುವುದು ಗೌರಿ ಹಬ್ಬಕ್ಕೆ, ದೀಪಾವಳಿಗೆ. ತಿಂಗಳಿಗೆ ಸಾವಿರ ಹೋದರೂ ಮೈ ತೊಳೆಯುವ ಕೈ ಉಳಿಯಲಿ ಎಂದು ಸುಮ್ಮನಿರುವವರನ್ನು ದಡ್ಡರೆನ್ನಲು ಮನಸ್ಸು ಬರುವುದಿಲ್ಲ. ಕಳ್ಳತನ ಮಾಡಿದವರು ಮಗನೋ ಸೊಸೆಯೋ ಆದರೆ ಮರ್ಯಾದೆಯ ಪ್ರಶ್ನೆಯೂ ಸೇರಿಕೊಳ್ಳುತ್ತದೆ.

ಆದ್ದರಿಂದ ಕೇಳುವ ರೀತಿ ಮುಖ್ಯ. ವಿಡಿಯೊ ಕಾಲ್‌ನಲ್ಲಿ “ಹೇಗಿದ್ದೀಯಮ್ಮಾ” ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಏಕೆಂದರೆ ಫೋನ್ ಹಿಡಿದುಕೊಂಡು ಎದುರಿಗೆ ನಿಂತಿರುವುದೇ ಆ ನೋಡಿಕೊಳ್ಳುವವರು. ಹೇಳದೆ ಬನ್ನಿ. ಅವರು ಅಡುಗೆಮನೆಗೆ ಹೋಗುವವರೆಗೆ, ಇಲ್ಲವೇ ಅಮ್ಮನನ್ನು ಡಾಕ್ಟರ ಹತ್ತಿರವೋ ದೇವಸ್ಥಾನಕ್ಕೋ ನೀವೊಬ್ಬರೇ ಕರೆದುಕೊಂಡು ಹೋಗುವವರೆಗೆ ಕಾಯಿರಿ. “ಯಾರಾದ್ರೂ ಕದ್ರಾ?” ಎಂದು ಕೇಳಬೇಡಿ, ಅದು ಅವರನ್ನು ಸಾಕ್ಷಿಕಟ್ಟೆಗೆ ಹತ್ತಿಸಿದಂತೆ. “ಈ ತಿಂಗ್ಳ ದುಡ್ಡು ಕೈಗೆ ಬಂತಾ? ಪಾಸ್‌ಬುಕ್ ಎಲ್ಲಿದೆ? ಅಂಗ್ಡಿಗೆ ಎಷ್ಟು ಬಾಕಿ ಇದೆ?” ಇಷ್ಟು ಸಾಕು. ಪಾಸ್‌ಬುಕ್ ತಮ್ಮ ಹತ್ತಿರ ಇಲ್ಲ ಎಂದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಇಷ್ಟೆಲ್ಲ ಆದ ಮೇಲೆ ಹಿಡಿಯುವುದಕ್ಕಿಂತ ಮೊದಲೇ ಮಾಡಬೇಕಾದ ಏರ್ಪಾಡು ಒಂದಿದೆ. ಉಣ್ಣಿಸುವ ಕೈ ಬೇರೆ, ಎಣಿಸುವ ಕೈ ಬೇರೆ ಇರಬೇಕು. ಒಬ್ಬರೇ ಎರಡನ್ನೂ ಮಾಡಿದರೆ ಪ್ರಾಮಾಣಿಕರೂ ಕಷ್ಟಕ್ಕೆ ಸಿಲುಕುತ್ತಾರೆ, ಅಪ್ರಾಮಾಣಿಕರಿಗೆ ತಡೆ ಇರುವುದಿಲ್ಲ. ಎಣಿಸುವವರು ದೂರದಲ್ಲಿದ್ದರೂ ಪರವಾಗಿಲ್ಲ. ಬೆಂಗಳೂರಿನ ಮಗಳು, ಹಾಸನದ ಅಳಿಯ, ಊರಲ್ಲೇ ಇರುವ ನಂಬಿಕೆಯ ಮೇಷ್ಟ್ರು, ಯಾರಾದರೂ ಆಗಬಹುದು. ಆದರೆ ಅವರು ನೋಡಿಕೊಳ್ಳುವವರ ಅಣ್ಣನೋ ಗೆಳತಿಯೋ ಆಗಿರಬಾರದು.

ಬ್ಯಾಂಕಿನಲ್ಲಿ ಇದನ್ನು ಎರಡು ಖಾತೆ ಮಾಡಿ ಸಾಧಿಸಬಹುದು. ಪಿಂಚಣಿ, ಕಾಫಿ-ಮೆಣಸಿನ ದುಡ್ಡು, ಠೇವಣಿ ಎಲ್ಲ ಬರುವ ಒಂದು ದೊಡ್ಡ ಖಾತೆ: ಇದಕ್ಕೆ ಎಟಿಎಂ ಕಾರ್ಡ್ ಬೇಡ, ಯುಪಿಐ ಬೇಡ, ಚೆಕ್ ಪುಸ್ತಕವನ್ನು ಮನೆಯಲ್ಲಿ ಇಡುವುದು ಬೇಡ. ಇನ್ನೊಂದು ಸಣ್ಣ ಖಾತೆ: ದೊಡ್ಡದರಿಂದ ತಿಂಗಳಿಗೊಮ್ಮೆ ಮನೆ ಖರ್ಚಿನಷ್ಟು, ಹತ್ತು ಸಾವಿರ ಬೇಕಿದ್ದರೆ ಹತ್ತು ಸಾವಿರ, ತಾನಾಗಿಯೇ ಇಲ್ಲಿಗೆ ಬರುವಂತೆ ಬ್ಯಾಂಕಿಗೆ ಲಿಖಿತ ಸೂಚನೆ. ಕಾರ್ಡ್ ಇದಕ್ಕೆ ಮಾತ್ರ, ದಿನದ ಮಿತಿ 2,000ಕ್ಕೆ ಇಳಿಸಿ. ಎಲ್ಲ ಕೆಟ್ಟರೂ ಹೋಗುವುದು ಒಂದು ತಿಂಗಳ ಖರ್ಚು, ಜೀವಮಾನದ ಉಳಿತಾಯ ಅಲ್ಲ.

ಇದನ್ನು ಮಾಡಿಯೂ ಕೆಡುವುದು ಎಲ್ಲಿ ಎಂದರೆ ಮೊಬೈಲ್ ನಂಬರಿನಲ್ಲಿ. ಖಾತೆಗೆ ಜೋಡಿಸಿರುವ ನಂಬರ್ ಯಾರದು ಎಂದು ಶಾಖೆಗೆ ಹೋಗಿ ಕೇಳಿ. ಅಮ್ಮನ ಕೀಪ್ಯಾಡ್ ಫೋನಿಗೆ ಬರುವ ಎಸ್‌ಎಂಎಸ್ ಓದುವುದು ಅಮ್ಮ ಅಲ್ಲ. ಆ ಸಿಮ್ಮನ್ನು ಸ್ಮಾರ್ಟ್‌ಫೋನಿಗೆ ಹಾಕಿ, ಕಾರ್ಡಿನ ಕೊನೆಯ ಅಂಕಿಗಳಿಂದಲೋ ಆಧಾರ್ ಒಟಿಪಿಯಿಂದಲೋ ಯುಪಿಐ ಶುರುಮಾಡಿಕೊಳ್ಳಬಹುದು. ಕಾರ್ಡೇ ಇಲ್ಲದ ಖಾತೆಗೂ ಆಧಾರ್ ದಾರಿ ತೆರೆದಿರುತ್ತದೆ. ಹಾಗಾಗಿ ದೊಡ್ಡ ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ಎಣಿಸುವವರದಾಗಿರಲಿ. ಆಧಾರಿನ ಬೆರಳಚ್ಚನ್ನು ಎಂಆಧಾರ್ ಆ್ಯಪ್‌ನಲ್ಲಿ ಲಾಕ್ ಮಾಡಬಹುದು, ಹಣ ತೆಗೆಯುವ ದಿನ ಸ್ವಲ್ಪ ಹೊತ್ತು ತೆರೆದರೆ ಸಾಕು. ಒಂದು ಎಚ್ಚರಿಕೆ: ಲಾಕ್ ಇದ್ದರೆ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ನಡೆಯುವುದಿಲ್ಲ. ಅಕ್ಕಿ ತರುವ ದಿನ ನೆನಪಿಟ್ಟುಕೊಂಡು ತೆರೆಯಬೇಕು, ಇಲ್ಲದಿದ್ದರೆ ಅಜ್ಜಿ ಬರಿಗೈಯಲ್ಲಿ ವಾಪಸ್ ಬರುತ್ತಾರೆ.

ಜಂಟಿ ಖಾತೆಯ ವಿಷಯದಲ್ಲಿ ಒಂದು ಪದ ಇಡೀ ಕಥೆ ಬದಲಿಸುತ್ತದೆ. ‘ಐದರ್ ಆರ್ ಸರ್ವೈವರ್’ ಎಂದರೆ ಇಬ್ಬರಲ್ಲಿ ಯಾರು ಬೇಕಾದರೂ ಯಾವಾಗ ಬೇಕಾದರೂ ತೆಗೆಯಬಹುದು. ‘ಫಾರ್ಮರ್ ಆರ್ ಸರ್ವೈವರ್’ ಎಂದರೆ ಮೊದಲ ಹೆಸರಿನವರು ಬದುಕಿರುವವರೆಗೆ ಅವರೊಬ್ಬರೇ, ಅವರ ನಂತರ ಎರಡನೆಯವರು. ಶಾಖೆಯಲ್ಲಿ ಸಾಮಾನ್ಯವಾಗಿ ಮೊದಲನೆಯದಕ್ಕೇ ಟಿಕ್ ಹಾಕಿಸುತ್ತಾರೆ. ಠೇವಣಿಗಳಿಗೆ ಎರಡನೆಯದನ್ನು ಕೇಳಿ ಮಾಡಿಸಿಕೊಳ್ಳಿ. ನಾಮಿನಿ ಬೇರೆಯೇ ವಿಷಯ: ನಾಮಿನಿಗೆ ಖಾತೆದಾರರು ಬದುಕಿರುವಾಗ ಯಾವ ಅಧಿಕಾರವೂ ಇಲ್ಲ, ಸತ್ತ ಮೇಲೆ ಬಂದ ಹಣವೂ ವಾರಸುದಾರರ ಪರವಾಗಿ ಹಿಡಿದಿಟ್ಟುಕೊಂಡದ್ದಷ್ಟೇ. 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿ ಮಾಡಬಹುದು.

“ಅವರು ಬ್ಯಾಂಕಿಗೆ ಬರಕ್ಕಾಗಲ್ಲ, ಅದಕ್ಕೇ ಕಾರ್ಡ್ ಕೊಟ್ಟಿದ್ದು” ಎನ್ನುವವರಿಗೆ: 2017ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯಲ್ಲಿ 70 ದಾಟಿದವರಿಗೆ, ಅಶಕ್ತರಿಗೆ ಮನೆಬಾಗಿಲಿಗೇ ನಗದು ತಲುಪಿಸುವಂಥ ಸೇವೆ ಕೊಡಿ ಎಂದು ಬ್ಯಾಂಕುಗಳಿಗೆ ಹೇಳಿದೆ. ಸಹಿ ಮಾಡಲಾಗದವರ ಹೆಬ್ಬೆಟ್ಟಿಗೆ ಇಬ್ಬರು ಸ್ವತಂತ್ರ ಸಾಕ್ಷಿಗಳು ಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ಬಾಯಲ್ಲಿ ಕೇಳಿದರೆ “ಸ್ಟಾಫ್ ಇಲ್ಲ” ಎನ್ನುತ್ತಾರೆ. ಅರ್ಜಿ ಬರೆದು ಕೊಟ್ಟು ಸೀಲ್ ಹಾಕಿಸಿಕೊಳ್ಳಿ.

ಒಡವೆಯ ಕಳವು ಮೆಲ್ಲಗೆ ನಡೆಯುತ್ತದೆ. ವಯಸ್ಸಾದಂತೆ ಕೈ ಸಣ್ಣಗಾಗಿ ಬಳೆ ಜಾರುತ್ತದೆ, ಉಂಗುರ ಸಡಿಲವಾಗುತ್ತದೆ. “ಬಿದ್ದೋಗುತ್ತೆ ಅಜ್ಜಿ, ತೆಗೆದಿಡ್ತೀನಿ” ಎಂಬ ಮಾತು ಬಹುಪಾಲು ನಿಜವಾದ ಕಾಳಜಿಯೇ. ಆದರೆ ತೆಗೆದಿಟ್ಟದ್ದು ಎಲ್ಲಿ ಎಂದು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಚಿನ್ನದ ಬಳೆ ಹೋಗಿ ಅದೇ ನಮೂನೆಯ ಗಿಲೀಟು ಬಳೆ ಬಂದರೆ ಕಣ್ಣು ಮಂಜಾದವರಿಗೆ ಹೇಗೆ ತಿಳಿಯಬೇಕು? ಒಂದು ಮಧ್ಯಾಹ್ನ ಕೂತು ಮಾಡುವ ಕೆಲಸ ಇದೆ. ಅವಲಕ್ಕಿ ಸರ, ಕಾಸಿನ ಸರ, ಬೆಂಡೋಲೆ, ಮೂಗುಬೊಟ್ಟು ಒಂದೊಂದನ್ನೂ ಪಕ್ಕದಲ್ಲಿ ಸ್ಕೇಲ್ ಇಟ್ಟು ಎರಡೂ ಬದಿ ಫೋಟೊ ತೆಗೆಯಿರಿ. ಪರಿಚಯದ ಚಿನಿವಾರರ ತಕ್ಕಡಿಯಲ್ಲಿ ಗ್ರಾಂ, ಮಿಲಿಗ್ರಾಂವರೆಗೆ ತೂಗಿಸಿ ಬರೆಸಿ. 2021ರ ಜುಲೈ ನಂತರ ಮಾಡಿಸಿದ ಒಡವೆಯಾದರೆ ಹಾಲ್‌ಮಾರ್ಕ್ ಜೊತೆ ಆರು ಅಕ್ಷರ-ಅಂಕಿಗಳ ಗುರುತು ಇರಬಹುದು, ಇದ್ದರೆ ಅದನ್ನೂ ಬರೆದುಕೊಳ್ಳಿ. ಅತ್ತೆಯ ಕಾಲದ ಒಡವೆಗೆ ಅದಿಲ್ಲ, ಫೋಟೊ ಮತ್ತು ತೂಕವೇ ಸಾಕ್ಷಿ. ಗಿರವಿ ಅಂಗಡಿಯಲ್ಲಿ ಸಿಕ್ಕರೂ ಇದೇ ನಮ್ಮದು ಎಂದು ತೋರಿಸಲು ಬೇರೆ ದಾರಿ ಇಲ್ಲ. ಕರಗಿಸಿದ ಮೇಲಂತೂ ಏನೂ ಇಲ್ಲ. ಆಸ್ಪತ್ರೆಯಲ್ಲಿ ಎಂಆರ್‌ಐಗೋ ಆಪರೇಷನ್ನಿಗೋ ಒಡವೆ ಬಿಚ್ಚಿಸಿದಾಗ ಪಕ್ಕದಲ್ಲಿದ್ದವರ ಕೈಗೆ ಹೋಗುತ್ತದೆ. ಕೊಡುವ ಮುಂಚೆ ಅಂಗೈ ಮೇಲಿಟ್ಟು ಒಂದು ಫೋಟೊ ತೆಗೆದು ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಸಮಯವೂ ದಾಖಲಾಗುತ್ತದೆ.

ಹಾಗೆಂದು ಕಳವಿನ ಭಯಕ್ಕೆ ಅಮ್ಮನ ಮೈಮೇಲಿನದನ್ನೆಲ್ಲ ಬಿಚ್ಚಿ ಲಾಕರಿಗೆ ಹಾಕುವುದೂ ಸರಿಯಲ್ಲ. ಎಪ್ಪತ್ತು ವರ್ಷ ಮೂಗಿನಲ್ಲಿದ್ದ ಬೊಟ್ಟನ್ನು ನಮ್ಮ ನೆಮ್ಮದಿಗಾಗಿ ತೆಗೆದರೆ ಅವರಿಗೆ ಅದೂ ಒಂದು ಕಳವೇ.

ಅಡುಗೆಮನೆ, ಔಷಧಿ ಡಬ್ಬಿಯ ಲೆಕ್ಕ ಸುಲಭ, ಆದರೆ ಯಾರೂ ಮಾಡುವುದಿಲ್ಲ. ದಿನಕ್ಕೆ ಎರಡು ಬಿ.ಪಿ. ಮಾತ್ರೆ ಎಂದರೆ ತಿಂಗಳಿಗೆ 60, ಹತ್ತರ ಆರು ಸ್ಟ್ರಿಪ್. ಒಂಬತ್ತು ಸ್ಟ್ರಿಪ್ಪಿನ ಬಿಲ್ ಬಂದರೆ ಉಳಿದ ಮೂರು ಎಲ್ಲಿ ಎಂದು ಕೇಳಬಹುದು. ನಾಲ್ಕೇ ಬಂದರೆ ಇನ್ನೂ ಚಿಂತೆ, ಮಾತ್ರೆ ಹೊಟ್ಟೆಗೆ ಹೋಗುತ್ತಿಲ್ಲ. ಹಾಸಿಗೆ ಹಿಡಿದವರಿಗೆ ದಿನಕ್ಕೆ ಮೂರು ಡೈಪರ್ ಎಂದರೆ ತಿಂಗಳಿಗೆ 90, ಹತ್ತರ ಒಂಬತ್ತು ಪ್ಯಾಕ್. ಪ್ಯಾಕ್ ಮುಗಿಯದೆ ಉಳಿದಿದ್ದರೆ ಸಂತೋಷಪಡಬೇಡಿ, ಬೆನ್ನು ತಿರುಗಿಸಿ ಹುಣ್ಣಾಗಿದೆಯೇ ನೋಡಿ. ನಿದ್ದೆ ಮಾತ್ರೆ ಬೇಗ ಖಾಲಿಯಾಗುತ್ತಿದ್ದರೆ ಅಜ್ಜನನ್ನು ಹಗಲೂ ಮಲಗಿಸುತ್ತಿರಬಹುದು. ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ಅವರ ತೂಕ ನೋಡಿ ಬರೆದಿಡಿ. ಹಾಲು, ಮೊಟ್ಟೆ, ಪೌಡರ್ ಡಬ್ಬಿಯ ಬಿಲ್ ಏರುತ್ತ ಹೋಗಿ ತೂಕ ಮಾತ್ರ ಇಳಿಯುತ್ತಿದ್ದರೆ ಆ ಹಾಲು ಬೇರೆಲ್ಲೋ ಹೋಗುತ್ತಿದೆ. ಕಾಯಿಲೆಯಿಂದಲೂ ತೂಕ ಇಳಿಯಬಹುದು, ಆದ್ದರಿಂದ ಮೊದಲು ಡಾಕ್ಟರು, ಆಮೇಲೆ ಅನುಮಾನ. ಕಿರಾಣಿ ಅಂಗಡಿಯ ಬಾಕಿ ಪುಸ್ತಕವನ್ನೂ ತಿಂಗಳಿಗೊಮ್ಮೆ ತಿರುವಿಹಾಕಿ. ಒಬ್ಬರೇ ಇರುವ ಮನೆಗೆ ತಿಂಗಳಿಗೆ ಐದು ಲೀಟರ್ ಎಣ್ಣೆ ಏಕೆ?

ತೋಟ ಇದ್ದವರ ಮನೆಯಲ್ಲಿ ಇದೇ ಕಥೆ ತೋಟದ ಲೆಕ್ಕ ಬರೆಯುವ ರೈಟರ್ ಹಂತದಲ್ಲಿ ನಡೆಯುತ್ತದೆ. ಯಜಮಾನರು ಪಾರ್ಶ್ವವಾಯುವಾಗಿ ಮಲಗಿದ ವರ್ಷದಿಂದ ಆಳುಗಳ ಹಾಜರಿ ಬರೆಯುವ ಚೆಕ್‌ರೋಲಿನಲ್ಲಿ ಇಲ್ಲದ ಆಳುಗಳು ಹುಟ್ಟಿಕೊಳ್ಳುತ್ತಾರೆ, ಮೆಣಸಿನ ಇಳುವರಿ ಕಡಿಮೆಯಾಗುತ್ತದೆ. ಹಸಿ ಮೆಣಸು ಒಣಗಿದಾಗ ಸುಮಾರು ಮೂರನೇ ಒಂದು ಪಾಲು ಉಳಿಯುತ್ತದೆ. ಕಣಕ್ಕೆ ಬಂದ ಹಸಿ ಮೆಣಸಿನ ತೂಕವನ್ನೂ ಮಾರಿದ ಒಣ ಮೆಣಸಿನ ತೂಕವನ್ನೂ ಬೇರೆ ಬೇರೆ ಜನ ಬರೆದರೆ ವ್ಯತ್ಯಾಸ ತಾನೇ ಎದ್ದು ಕಾಣುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ವರ್ಷದ ಹತ್ತಿರ ಹಾಗೇ ಇರಬೇಕು. ಅಟ್ಟ ಹತ್ತಲಾಗದ ಅಜ್ಜಿಗೆ ಕೆಳಗಿನಿಂದ ಕಾಣುವುದು ಅಂಚಿನ ಸಾಲು ಮಾತ್ರ. ಹಾಕುವ ದಿನವೇ ನೂರರ ಲೆಕ್ಕದಲ್ಲಿ ಎಣಿಸಿ ಗೋಡೆಗೆ ಬರೆದಿಡುವ ಹಳೆಯ ರೂಢಿ ಒಳ್ಳೆಯದು.

ಇವೆಲ್ಲಕ್ಕಿಂತ ದೊಡ್ಡದು ಜಮೀನು ಮತ್ತು ಮನೆ. ಪಿಂಚಣಿಯ ದುಡ್ಡು ಮತ್ತೆ ಬರುತ್ತದೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೋದದ್ದು ಸುಲಭಕ್ಕೆ ಬರುವುದಿಲ್ಲ. “ಪಿಂಚಣಿ ಕಾಗದ”, “ಸಾಲ ಮನ್ನಾ ಕಾಗದ” ಎಂದು ಹೇಳಿ ದಾನಪತ್ರಕ್ಕೆ, ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರಕ್ಕೆ, ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಕೊಡುವ ಜಿಪಿಎಗೆ ಹೆಬ್ಬೆಟ್ಟು ಹಾಕಿಸುವುದು ಹಳೆಯ ವಿದ್ಯೆ. ಅಶಕ್ತರಿದ್ದರೆ ರಿಜಿಸ್ಟ್ರಾರ್ ಮನೆಗೇ ಬಂದು ನೋಂದಣಿ ಮಾಡಲು ಕಾನೂನಿನಲ್ಲಿ ಅವಕಾಶ ಇದೆ. ಅದು ಅನುಕೂಲವೂ ಹೌದು, ಮಂಚದ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂಬುದರ ಮೇಲೆ ಅಪಾಯವೂ ಹೌದು.

ದಾನಪತ್ರ ಮತ್ತು ವಿಲ್ ನಡುವಿನ ವ್ಯತ್ಯಾಸವನ್ನು ಮನೆಮನೆಯಲ್ಲೂ ತಿಳಿದಿರಬೇಕು. ದಾನಪತ್ರ ನೋಂದಣಿಯಾದ ಕ್ಷಣಕ್ಕೆ ಆಸ್ತಿ ಕೈಬಿಟ್ಟಿತು. ವಿಲ್ ಸತ್ತ ಮೇಲೆ ಜಾರಿಗೆ ಬರುವಂಥದ್ದು, ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಎರಡಕ್ಕೂ ಇಬ್ಬರು ಸಾಕ್ಷಿ ಬೇಕು. ದಾನಪತ್ರಕ್ಕೆ ನೋಂದಣಿ ಕಡ್ಡಾಯ, ವಿಲ್ಲಿಗೆ ಕಡ್ಡಾಯವಲ್ಲ. “ನೋಡ್ಕೋತೀನಿ, ಬರ್ಕೊಡಿ” ಎಂದವರಿಗೆ ಬರೆದುಕೊಡಲೇಬೇಕೆಂದಿದ್ದರೆ ವಿಲ್ ಬರೆಯುವುದು ಕ್ಷೇಮ. ದಾನಪತ್ರವೇ ಆಗಬೇಕೆಂದರೆ ಪತ್ರ ಬರಹಗಾರರಿಗೆ ಒಂದು ಷರತ್ತು ಸೇರಿಸಲು ಹೇಳಿ: ದಾನ ಪಡೆದವರು ದಾನಿಯ ಜೀವಿತಾವಧಿಯವರೆಗೆ ಅವರ ಊಟ, ವಸತಿ, ಬಟ್ಟೆ, ಔಷಧೋಪಚಾರ ನೋಡಿಕೊಳ್ಳತಕ್ಕದ್ದು, ತಪ್ಪಿದಲ್ಲಿ ಈ ಪತ್ರ ರದ್ದಾಗತಕ್ಕದ್ದು. ಈ ಎರಡು ಸಾಲಿನ ಬೆಲೆ ದೊಡ್ಡದು. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ 23ನೇ ಕಲಂ ಪ್ರಕಾರ ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ, ವಾಪಸ್ ಪಡೆಯಬಹುದು. ಬರೆಸಿಕೊಂಡವರು ಮಕ್ಕಳೇ ಆಗಿರಬೇಕೆಂದಿಲ್ಲ. ಷರತ್ತು ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು, ಸ್ವಾಧೀನವನ್ನೂ ಕೊಡಿಸಬಹುದು ಎಂದಿತು. ಬಾಯಿಮಾತಿನ ಷರತ್ತನ್ನು ಸಾಬೀತು ಮಾಡುತ್ತ ಎಂಬತ್ತರ ವಯಸ್ಸಿನಲ್ಲಿ ಅಲೆಯುವುದಕ್ಕಿಂತ ಎರಡು ಸಾಲು ಬರೆಸುವುದು ಎಷ್ಟೋ ಮೇಲು.

ಅರ್ಜಿ ಹಾಕುವುದು ಉಪವಿಭಾಗಾಧಿಕಾರಿಗಳ ಮುಂದೆ, ಜನ ಎಸಿ ಕೋರ್ಟ್ ಎನ್ನುತ್ತಾರಲ್ಲ, ಅಲ್ಲೇ. ಹಾಸನ ಜಿಲ್ಲೆಯವರಿಗೆ ಹಾಸನ ಮತ್ತು ಸಕಲೇಶಪುರದಲ್ಲಿ, ಚಿಕ್ಕಮಗಳೂರು ಜಿಲ್ಲೆಯವರಿಗೆ ಚಿಕ್ಕಮಗಳೂರು ಮತ್ತು ತರೀಕೆರೆಯಲ್ಲಿ. ಹಿರಿಯರು ತಾವೇ ಹಾಕಬಹುದು, ಆಗದಿದ್ದರೆ ಅವರು ಒಪ್ಪಿಸಿದವರು ಹಾಕಬಹುದು. ಜೀವನಾಂಶದ ಅರ್ಜಿ 90 ದಿನದಲ್ಲಿ ಮುಗಿಯಬೇಕು, ಕಾರಣ ಬರೆದು ಇನ್ನು 30 ದಿನ. ಕಾಯ್ದೆಯ ಪ್ರಕಾರ ಗರಿಷ್ಠ ತಿಂಗಳಿಗೆ 10,000 ರೂಪಾಯಿ. ಮೇಲ್ಮನವಿ 60 ದಿನದೊಳಗೆ ಜಿಲ್ಲಾಧಿಕಾರಿಗಳ ಮುಂದೆ.

ದೂರದಲ್ಲಿರುವ ಮಕ್ಕಳು ಸರ್ವೆ ನಂಬರ್ ಹಾಕಿ ಭೂಮಿ ತಾಣದಲ್ಲಿ ಪಹಣಿ ನೋಡಬಹುದು, ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಋಣಭಾರ ಪತ್ರ ತೆಗೆಸಬಹುದು. ಆರು ತಿಂಗಳಿಗೊಮ್ಮೆ ನೋಡಿ. ಜಮೀನಿನ ಖಾತೆ ಬದಲಾವಣೆಗೆ ಬಂದದ್ದು ಗೊತ್ತಾದ ತಕ್ಷಣ ತಕರಾರು ಅರ್ಜಿ ಕೊಡಿ, ಖಾತೆ ಆದ ಮೇಲೆ ದಾರಿ ಉದ್ದ.

ಮರೆವಿನ ಕಾಯಿಲೆ ಬಂದವರ ಮನೆಯಲ್ಲಿ ಇಷ್ಟು ಹೊತ್ತು ಹೇಳಿದ್ದೆಲ್ಲ ಸಿಕ್ಕಾಗುತ್ತದೆ. “ನನ್ನ ಸರ ಕದ್ಲು” ಎನ್ನುವುದು ಆ ಕಾಯಿಲೆಯ ತೀರ ಸಾಮಾನ್ಯ ಲಕ್ಷಣ. ತಾವೇ ಬಚ್ಚಿಟ್ಟು ಮರೆಯುತ್ತಾರೆ. ಮರೆತದ್ದೇ ನೆನಪಿಲ್ಲದ್ದರಿಂದ ಉಳಿಯುವ ವಿವರಣೆ ಒಂದೇ, ಯಾರೋ ಕದ್ದರು. ಅಕ್ಕಿ ಡಬ್ಬ, ದಿಂಬಿನ ಕವರ್, ಹಳೆಯ ಸೀರೆಯ ಮಡಿಕೆ, ದೇವರ ಮನೆಯ ಹಲಗೆಯ ಹಿಂದೆ, ಒಲೆಯ ಪಕ್ಕದ ಸೌದೆ ಸಂದಿ, ಇಷ್ಟನ್ನು ಹುಡುಕದೆ ಯಾರ ಮೇಲೂ ಬೆರಳು ತೋರಿಸಬಾರದು. ಎಷ್ಟೋ ಒಳ್ಳೆಯ ಹೆಣ್ಣುಮಕ್ಕಳು ಇಂಥ ಮಾತಿಗೆ ಕಣ್ಣೀರಿಟ್ಟು ಕೆಲಸ ಬಿಟ್ಟಿದ್ದಾರೆ. ಇನ್ನೊಂದು ಬದಿಯೂ ಅಷ್ಟೇ ಕೆಟ್ಟದ್ದು: “ಅಜ್ಜಿಗೆ ಅರಳುಮರಳು, ದಿನಾ ಹಿಂಗೇ ಅಂತಾರೆ” ಎಂದು ನಿಜವಾದ ಕಳವನ್ನೂ ತಳ್ಳಿಹಾಕುವುದು. ಮರೆವಿನವರ ಮನೆಯಲ್ಲಿ ಕಳ್ಳರಿಗೆ ಇದಕ್ಕಿಂತ ಒಳ್ಳೆಯ ಮರೆ ಬೇಕೆ? ಫೋಟೊ, ತೂಕ, ಪಾಸ್‌ಬುಕ್ ಇದ್ದರೆ ಮಾತ್ರ ಎರಡನ್ನೂ ಬೇರ್ಪಡಿಸಬಹುದು. ಸರ ದಿಂಬಿನೊಳಗೆ ಹೋಗಬಹುದು, ಎಟಿಎಂನಿಂದ 5,000 ತಾನಾಗಿ ಹೋಗುವುದಿಲ್ಲ. ಗೊಂದಲ ಎರಡು ಮೂರು ದಿನದಲ್ಲಿ ಹಠಾತ್ತಾಗಿ ಬಂದಿದ್ದರೆ ಮೂತ್ರದ ಸೋಂಕೋ ಔಷಧಿಯ ಅಡ್ಡಪರಿಣಾಮವೋ ಇರಬಹುದು. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ, ಇವುಗಳಿಗೆ ಚಿಕಿತ್ಸೆ ಇದೆ.

ಬುದ್ಧಿ ನೆಟ್ಟಗಿರುವಾಗ ಬರೆದ ಜಿಪಿಎ ಮರೆವು ಗಟ್ಟಿಯಾದ ಮೇಲೆ ನಡೆಯುವುದಿಲ್ಲ. ಕೊಟ್ಟವರ ಮನಸ್ಸಿನ ಸ್ಥಿಮಿತ ಹೋದರೆ ಅಧಿಕಾರವೂ ಮುಗಿಯುತ್ತದೆ ಎನ್ನುತ್ತದೆ 1872ರ ಕರಾರು ಕಾಯ್ದೆ. ಹಳೆಯ ಜಿಪಿಎ ತೋರಿಸಿ ತೋಟ ಮಾರುವವರಿಗೂ ಕೊಳ್ಳುವವರಿಗೂ ಇದು ಗೊತ್ತಿರಬೇಕು.

ಕಳವು ಖಚಿತವಾದರೆ ಮೊದಲ ಕೆಲಸ ಕೂಗಾಡುವುದಲ್ಲ. ಆ ರಾತ್ರಿ ಅಮ್ಮನ ಜೊತೆ ಮಲಗುವವರು ಯಾರು ಎಂದು ಗೊತ್ತುಮಾಡಿಕೊಳ್ಳುವುದು. ಅದಾದ ಮೇಲೆ ಸದ್ದಿಲ್ಲದೆ ಕಾರ್ಡ್ ಬ್ಲಾಕ್, ನಂಬರ್ ಬದಲಾವಣೆ, ಬೆರಳಚ್ಚು ಲಾಕ್, ಒಂದು ವರ್ಷದ ಸ್ಟೇಟ್‌ಮೆಂಟ್. ಆಸ್ಪತ್ರೆಯಲ್ಲಿ ದಾಖಲಾಗಿದ್ದ ದಿನಗಳಲ್ಲಿ ಆದ ಎಟಿಎಂ ಡ್ರಾ, ಒಂದೇ ದಿನ ಎರಡು ಸಲದ ಆಧಾರ್ ಡ್ರಾ, ಅವಧಿಗೆ ಮುಂಚೆ ಮುರಿದ ಠೇವಣಿ, ಠೇವಣಿಯ ಮೇಲೆ ತೆಗೆದ ಸಾಲ, ಇವನ್ನು ಗುರುತು ಮಾಡಿ. ಬ್ಯಾಂಕಿಗೆ ದೂರು ಲಿಖಿತವಾಗಿ ಕೊಡಿ, ಬೇಗ ಕೊಡಿ. ಗ್ರಾಹಕರ ತಪ್ಪಿಲ್ಲದೆ ಹೊರಗಿನವರಿಂದ ಆದ ಎಲೆಕ್ಟ್ರಾನಿಕ್ ವಂಚನೆಯನ್ನು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ಗ್ರಾಹಕರ ಮೇಲೆ ಬೀಳುವುದಿಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೇಳುತ್ತದೆ. ಆದರೆ ಪಿನ್ ತಾವೇ ಹೇಳಿಕೊಟ್ಟಿದ್ದರೆ ದೂರು ಕೊಡುವವರೆಗಿನ ನಷ್ಟ ಗ್ರಾಹಕರದೇ. ಕವರಿನ ಮೇಲೆ ಪಿನ್ ಬರೆಯಬಾರದು ಎನ್ನುವುದು ಇದಕ್ಕೇ.

ಠಾಣೆಯಲ್ಲಿ “ಮನೆ ವಿಷಯ, ಕೂತು ಮಾತಾಡಿಕೊಳ್ಳಿ” ಎಂದು ಕಳಿಸುವುದು ಮಾಮೂಲು. ಹೋಗುವಾಗ ದೂರನ್ನು ಬರೆದುಕೊಂಡೇ ಹೋಗಿ: ಯಾವ ದಿನ, ಎಷ್ಟು ಗ್ರಾಂ, ಎಷ್ಟು ರೂಪಾಯಿ, ಯಾರ ಸುಪರ್ದಿಯಲ್ಲಿತ್ತು. ಕೆಲಸದವರು ಯಜಮಾನರ ವಸ್ತು ಕದ್ದರೆ ಭಾರತೀಯ ನ್ಯಾಯ ಸಂಹಿತೆಯ 306ನೇ ಕಲಂ, ಮನೆಯೊಳಗಿನ ಕಳವಿಗೆ 305, ಎರಡಕ್ಕೂ ಏಳು ವರ್ಷದವರೆಗೆ ಶಿಕ್ಷೆ. ನಂಬಿ ಒಪ್ಪಿಸಿದ್ದನ್ನು ನುಂಗಿದರೆ 316. ಮಗನಾದರೂ 305, 316ಕ್ಕೆ ಹೊರತಲ್ಲ. ಎಫ್‌ಐಆರ್ ಪ್ರತಿ ಉಚಿತ. ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಸ್ಪೀಡ್ ಪೋಸ್ಟ್. ಹೇಳಿಕೆ ಕೊಡಲು ಅಜ್ಜಿಯನ್ನು ಠಾಣೆಗೆ ಹೊತ್ತೊಯ್ಯಬೇಕಿಲ್ಲ. ತನಿಖೆಯ ವೇಳೆ ಹೆಂಗಸರನ್ನು, 60 ದಾಟಿದ ಗಂಡಸರನ್ನು ಅವರಿರುವ ಮನೆಯಲ್ಲೇ ವಿಚಾರಿಸಬೇಕು. ಎಲ್ಲಿಂದ ಶುರುಮಾಡಬೇಕೆಂದೇ ತೋಚದಿದ್ದರೆ ಹಿರಿಯರ ಸಹಾಯವಾಣಿ 14567, ಉಚಿತ ಕಾನೂನು ನೆರವಿಗೆ 15100, ಆನ್‌ಲೈನ್ ವಂಚನೆಗೆ 1930.

ಅಜ್ಜಿ “ಕಂಪ್ಲೇಂಟ್ ಬೇಡ” ಎಂದರೆ? ಬುದ್ಧಿ ಸರಿಯಾಗಿರುವವರ ಮಾತಿಗೆ ಬೆಲೆ ಕೊಡಬೇಕು. ದೂರು ಕೊಡದೆಯೂ ಸೋರುವುದನ್ನು ನಿಲ್ಲಿಸಬಹುದು: ಖಾತೆ ಬೇರೆ, ಕಾರ್ಡ್ ವಾಪಸ್, ಮನೆಗೆ ಇನ್ನೊಬ್ಬರು ಬಂದುಹೋಗುವ ಏರ್ಪಾಡು. ಆದರೆ ಹೊಡೆತ, ಹಸಿವು, ಬೆದರಿಕೆ ಇದ್ದರೆ ಕಾಯಬಾರದು, 112.

ನೋಡಿಕೊಳ್ಳುವವರ ಕಡೆಯಿಂದಲೂ ಒಂದು ಮಾತು. ಮಲವೆತ್ತಿ, ರಾತ್ರಿ ನಾಲ್ಕು ಸಲ ಎದ್ದು, ವಾರಕ್ಕೊಂದು ರಜವೂ ಇಲ್ಲದೆ ದುಡಿಯುವವರಿಗೆ ಸಂಬಳ ಹತ್ತನೇ ತಾರೀಖು ದಾಟಿಸಿ ಕೊಟ್ಟು, “ಸದ್ಯಕ್ಕೆ ಅಜ್ಜಿ ಹತ್ರ ಇಸ್ಕೊ” ಎನ್ನುವ ಮಕ್ಕಳಿದ್ದಾರೆ. ಅಜ್ಜಿಯ ದುಡ್ಡಿಗೂ ಅವರ ಸಂಬಳಕ್ಕೂ ನಡುವಿನ ಗೋಡೆ ಒಡೆಯುವುದು ಆ ಮಾತಿನಿಂದಲೇ. ಸಂಬಳ ಒಂದನೇ ತಾರೀಖು, ಅವರ ಖಾತೆಗೆ. ಮುಂಗಡ ಬೇಕಾದರೆ ಎಣಿಸುವವರಿಂದ. ಸರ್ಕಾರದ ಸೇವಾ ಸಿಂಧು ತಾಣದಲ್ಲಿ ಪೊಲೀಸ್ ಪರಿಶೀಲನೆ ಮಾಡಿಸಿ, ಆದರೆ ಅದು ಹಿಂದಿನ ಕೇಸನ್ನಷ್ಟೇ ಹೇಳುತ್ತದೆ. ಖರ್ಚಿಗೆ ಕೊಟ್ಟ ಹಣಕ್ಕೆ ನೂರು ಪುಟದ ಒಂದು ನೋಟ್‌ಬುಕ್ ಸಾಕು: ಕೊಟ್ಟದ್ದು, ಖರ್ಚು, ಉಳಿಕೆ, ಇಬ್ಬರ ಸಹಿ. ಬಿಲ್ಲುಗಳು ಮೊಳೆಗೆ. ಮೊದಲ ದಿನವೇ ಹೇಳಿದರೆ ಅದು ಪದ್ಧತಿ, ಆರು ತಿಂಗಳ ಮೇಲೆ ಹೇಳಿದರೆ ಅನುಮಾನ. “ನಾಳೆ ಯಾರೂ ನಿನ್ನ ಮೇಲೆ ಹೇಳಬಾರದಲ್ವಾ, ಅದಕ್ಕೆ” ಎಂದು ಬಿಡಿಸಿ ಹೇಳಿ, ಅದು ನಿಜವೂ ಹೌದು.

ಮುಂದಿನ ಸಲ ಊರಿಗೆ ಹೋದಾಗ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದು, ಜಗಲಿಯಲ್ಲಿ ಅಮ್ಮನ ಪಕ್ಕ ಕೂತು, ಸಾಲು ಸಾಲಾಗಿ ಅವರಿಗೇ ಓದಿ ಹೇಳಿ. ತಾರೀಖು, ಮೊತ್ತ, ಎಲ್ಲಿ ತೆಗೆದದ್ದು. ಅವಸರ ಬೇಡ. “ತಡಿ, ಅದ್ಯಾವ್ದು, ಇನ್ನೊಂದ್ಸಲ ಓದು” ಎಂದು ಅವರು ಎಲ್ಲಿ ನಿಲ್ಲಿಸುತ್ತಾರೋ ಅಲ್ಲಿ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿ.